ಎಂಟು ಸೆಕೆಂಡಿನ ಕಡಲು

ಕರಿಕಲ್ಲು ದಡದಿಂದ ರಸ್ತೆಗೆ ಹೋಗುವ ಕಾಲುದಾರಿಯನ್ನು ಯಾರೂ ಬಳಸುತ್ತಿಲ್ಲ ಎಂದು ಬುಧವಾರ ಹನ್ನೆರಡು ಗಂಟೆಗೆ, ಬೈಂದೂರಿನ ಅಹವಾಲು ಸಭೆಯಲ್ಲಿ, ಕಡತಕ್ಕೆ ಬರೆದುಕೊಂಡರು. ಆ ದಾರಿಯಲ್ಲಿ ದಿನಾ ಮೀನು ಹೊರುವ ನಲವತ್ತೊಂದು ಹೆಂಗಸರು ಅದೇ ಸಭೆಯ ಹಿಂದಿನ ಬೆಂಚುಗಳಲ್ಲಿ ಕೂತಿದ್ದರು.

ಆಧಾರಕ್ಕೆ ಒಂದು ವಿಡಿಯೊ ಇತ್ತು. ಮೂವತ್ತಾರು ಸೆಕೆಂಡಿನದ್ದು. ಬೆಳಗಿನ ಎರಡು ಗಂಟೆಗಳ ಹೊತ್ತನ್ನು ಅದರೊಳಗೆ ಮಡಚಿ ಇಟ್ಟಿತ್ತು. ರೆಸಾರ್ಟ್ ಕಂಪನಿಯ ಪ್ರತಿನಿಧಿ, ಇಸ್ತ್ರಿ ಮುರಿಯದ ಬಿಳಿ ಅಂಗಿಯವನು, ಅದನ್ನು ಗೋಡೆಯ ಮೇಲೆ ಮೂರು ಸಲ ತೋರಿಸಿದ.

ಗೋಡೆಯ ಮೇಲೆ ಕಡಲು ಹಾಲಿನ ಕೆನೆಯ ಹಾಗೆ ಹಬ್ಬಿತ್ತು. ಒಂದು ಅಲೆಯೂ ಇರಲಿಲ್ಲ. ಕರಿಯ ಬಂಡೆ ಇತ್ತು, ಗಾಳಿಮರಗಳಿದ್ದವು, ದಡಕ್ಕೆ ಎಳೆದು ಹಾಕಿದ ಹಳೆಯ ದೋಣಿಯಿತ್ತು. ನೀರಿನಿಂದ ಹೊರಟು ಮರಗಳ ನಡುವೆ ನುಗ್ಗುವ ಕಾಲುದಾರಿ ಉದ್ದಕ್ಕೂ ಬರಿದಾಗಿ ಬಿದ್ದಿತ್ತು. ಕಂಪನಿ ಹೊಸದಾಗಿ ನೆಟ್ಟ ಕಂಬದ ಪಕ್ಕದಲ್ಲಿ ಒಬ್ಬ ಗಂಡಸು ಕೋಲು ಹಿಡಿದು ನಿಂತಿದ್ದ. ನೀಲಿ ಸಮವಸ್ತ್ರದ ಕಾವಲುಗಾರ, ಹೆಸರು ಗುಡ್ಡ. ಎರಡು ವರ್ಷದ ಹಿಂದೆ ಅವನೂ ಅದೇ ದಡದಲ್ಲಿ ಬಲೆ ಎಳೆಯುತ್ತಿದ್ದವನು.

"ಮಂಜಿನ ಮುಂಜಾನೆ," ಎಂದ ಪ್ರತಿನಿಧಿ. ದಾರಿಯ ಮೇಲೆ ತೇಲುತ್ತಿದ್ದ ತೆಳ್ಳಗಿನ ಬಿಳಿ ಮಸುಕನ್ನು ಬೆರಳಿನಿಂದ ತೋರಿಸಿದ. "ಮೀನುಗಾರಿಕೆ ನಡೆಯುವ ಹೊತ್ತಿದು ಅಂತ ಇವರೇ ಅರ್ಜಿಯಲ್ಲಿ ಬರೆದಿದ್ದಾರೆ. ಆರರಿಂದ ಎಂಟು. ಎಲ್ಲಿದ್ದಾರೆ ಸರ್ ಜನ?"

ಹೆಂಗಸರು ಗೋಡೆಯನ್ನು ನೋಡಿದರು, ಮತ್ತೆ ತಮ್ಮ ತಮ್ಮ ಕೈಗಳನ್ನು ನೋಡಿಕೊಂಡರು.

ಮೊದಲು ಬಾಯಿ ಬಿಟ್ಟವಳು ಬಾಗಿ ಅಜ್ಜಿ. ಎಪ್ಪತ್ತು ದಾಟಿದವಳು, ಈಗಲೂ ದಿನಕ್ಕೆ ಎರಡು ಬುಟ್ಟಿ ಹೊರುವವಳು.

"ಹ್ವಾಯ್, ಗುಡ್ಡ ಕಾಂತ! ನಿಂತಲ್ಲೇ ನಿಂತವ ಕಾಂತ, ಹೊತ್ತವ್ರ್ ಕಾಂತಿಲ್ಲ. ಇದ್ ಎಂತ ಕ್ಯಾಮ್ರಾ ಮಾರ್ರೆ?"

"ಅಜ್ಜಿ, ಕೂತ್ಕೊಳ್ಳಿ," ಎಂದರು ಸಭೆ ನಡೆಸುವ ಅಧಿಕಾರಿ.

"ಕೂಕಂತೆ. ಆ ಹೊಯ್ಗಿ ಮೇಲಿನ ಹೆಜ್ಜಿ ಯಾರ್ದ್ ಅಂದ್ ಕೇಣಿ ಮೊದ್ಲ್. ಗುಡ್ಡ ಒಬ್ಬಂದಾ? ಅವ ಒಂದ್ ಕಾಲ್ ಎತ್ತಿ ಇನ್ನೊಂದ್ ಕಡಿ ಇಟ್ಟವ ಅಲ್ಲ."

"ಪ್ರವಾಸಿಗರದ್ದಿರಬಹುದು," ಎಂದ ಪ್ರತಿನಿಧಿ.

ಆಗ ಬೆಂಚಿನ ಸಾಲಿನಿಂದ ವನಜ ಎಂಬವಳು ಎದ್ದು ಗೋಡೆಯ ಹತ್ತಿರ ಹೋದಳು. ಚಿತ್ರದಲ್ಲಿ ಬಂಡೆಯಿಂದ ಎಡಕ್ಕೆ ದಾರಿ ತಿರುಗುವ ಜಾಗದ ಮೇಲೆ ಅಂಗೈ ಇಟ್ಟಳು. ಅವಳ ನೆರಳು ಮರಳಿನ ಮೇಲೆ ಬಿತ್ತು. ಆ ಚಿತ್ರದಲ್ಲಿ ಕಂಡ ಒಬ್ಬಳೇ ಹೆಂಗಸು ಆ ನೆರಳು.

"ನಾನ್ ಇಲ್ಲೇ ಇದ್ದೆ," ಎಂದಳು. "ಇವತ್ತ್ ಬೆಳಿಗ್ಗೆಯೂ ಇದ್ದೆ."

"ಅಮ್ಮ, ವಿಡಿಯೊಕ್ಕೆ ಅಡ್ಡ ಬರಬೇಡಿ," ಎಂದರು ಅಧಿಕಾರಿ.

ಪಕ್ಕದ ಗೋಡೆಗೆ ಒರಗಿ ನಿಂತ ಮೋಕ್ಷಿತಾ ಇದನ್ನೆಲ್ಲ ನೋಡುತ್ತಿದ್ದಳು. ಅವಳು ವನಜಳ ಮಗಳು. ಇಪ್ಪತ್ನಾಲ್ಕು ವರ್ಷ. ತಲ್ಲೂರಿನ ಒಂದು ಸ್ಟುಡಿಯೊದಲ್ಲಿ ವಿಡಿಯೊ ತೆಗೆಯುವ ಕೆಲಸ. ತಾಯಿಯ ಜೊತೆಗೆಂದು ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಸಂಜೆ ಬ್ರಹ್ಮಾವರದಲ್ಲಿ ಒಂದು ನಿಶ್ಚಿತಾರ್ಥ ಇದ್ದುದರಿಂದ ಸ್ಟುಡಿಯೊದ ಕ್ಯಾಮೆರಾ ಹೆಗಲ ಚೀಲದಲ್ಲೇ ಇತ್ತು. ಕಂಪನಿಯವರ ಸಾಲಿನಲ್ಲಿ ಸ್ಟುಡಿಯೊದ ಯಜಮಾನ ರವಿರಾಜ್ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತದ್ದನ್ನು ಕಂಡಾಗ ಅವಳಿಗೆ ಆಶ್ಚರ್ಯವಷ್ಟೇ ಆಗಿತ್ತು. ಗೋಡೆಯ ಮೇಲೆ ಹಾಲಿನಂಥ ಕಡಲು ಹರಡಿದಾಗ ಆದದ್ದು ಆಶ್ಚರ್ಯವಲ್ಲ.

ಆ ವಿಡಿಯೊ ತೆಗೆದವಳು ಅವಳೇ.

ತೆಗೆದು ಐದು ವಾರವಾಗಿತ್ತು. ಆಗ ದಾರಿಗೆ ಬೇಲಿ ಹಾಕುವ ಸುದ್ದಿ ಇರಲಿಲ್ಲ. ಗಾಳಿಮರಗಳ ಹಿಂದೆ ರೆಸಾರ್ಟ್ ಬರುತ್ತದಂತೆ, ಜಾಹೀರಾತಿಗೆ ದಡದ ವಿಡಿಯೊ ಬೇಕಂತೆ ಎಂದು ರವಿರಾಜ್ ಹೇಳಿದ್ದ. ತನ್ನದೇ ಊರಿನ ದಡ. ಅವಳು ಖುಷಿಯಲ್ಲೇ ಹೊರಟಿದ್ದಳು.

ಅದು ಅಂಗೈಯಲ್ಲಿ ಹಿಡಿಯುವ ಗಿಂಬಲ್ ಕ್ಯಾಮೆರಾ. ಒಂದು ಹಿಡಿಕೆ, ಅದರ ತುದಿಯಲ್ಲಿ ಪುಟ್ಟ ತಲೆ. ಕೋಳಿಯನ್ನು ಎತ್ತಿ ಹಿಡಿದು ಮೈ ಅಲ್ಲಾಡಿಸಿದರೂ ಅದರ ತಲೆ ಇದ್ದಲ್ಲೇ ನಿಲ್ಲುತ್ತದಲ್ಲ, ಹಾಗೆ ಇದರದ್ದೂ. ಕೈ ಎಷ್ಟು ನಡುಗಿದರೂ ಚಿತ್ರ ನಡುಗುವುದಿಲ್ಲ. ಉಳಿದದ್ದೆಲ್ಲ ಸೆಟ್ಟಿಂಗಿನ ಮೇಲೆ. ಮೋಕ್ಷಿತಾಳಿಗೆ ಅದರ ಹುಚ್ಚು. ಬಸ್ಸಿನಲ್ಲಿ ಕೂತಾಗಲೂ ಎರಡಂಗುಲದ ಪರದೆಯನ್ನು ಬೆರಳಿನಿಂದ ಸರಿಸುತ್ತ ಇರುತ್ತಿದ್ದಳು.

ಮೊದಲ ಬೆಳಿಗ್ಗೆ ಸೆಕೆಂಡಿಗೆ ಐವತ್ತು ಫ್ರೇಮ್, ಎಂದರೆ ಐವತ್ತು ಬಿಡಿ ಚಿತ್ರ, ಇಟ್ಟಳು. ಬೆಳಕನ್ನು ಒಳಗೆ ಬಿಡುವ ಶಟರ್ ತೆರೆದಿರುವುದು ಸೆಕೆಂಡಿನ ನೂರನೇ ಒಂದು ಭಾಗ. ಬಣ್ಣ ಸರಿಮಾಡುವ ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಡಲಿಲ್ಲ. ನಮ್ಮ ದಡದಲ್ಲಿ ಸೂರ್ಯ ಬೆನ್ನ ಹಿಂದೆ, ಘಟ್ಟದ ಮೇಲೆ ಹುಟ್ಟುತ್ತಾನೆ. ಅಲ್ಲಿಂದ ಕಡಲಿಗೆ ಬರುವ ಕೆಂಪು ತುಂಬ ತೆಳು. ಆಟೋದಲ್ಲಿ ಬಿಟ್ಟರೆ ಕ್ಯಾಮೆರಾ ಅದನ್ನು ಕೊಳೆಯೆಂದು ತಿಳಿದು ತೊಳೆದುಬಿಡುತ್ತದೆ. ಮುಖವನ್ನು ಹಿಂಬಾಲಿಸುವ ಸೆಟ್ಟಿಂಗನ್ನೂ ಹಾಕಿ ನೋಡಿದಳು.

ದೋಣಿ ಬಂತು. ಹೆಂಗಸರು ಮೊಣಕಾಲಿನ ನೀರಿಗಿಳಿದು ಬುಟ್ಟಿ ತುಂಬಿಸಿಕೊಂಡು ಸಾಲಾಗಿ ಹೊರಟರು. ಕ್ಯಾಮೆರಾದ ಪುಟ್ಟ ತಲೆ ಒಮ್ಮೆ ಅಳುಕಿ, ಹುಡುಕಿ, ಒಂದು ಮುಖವನ್ನು ಹಿಡಿಯಿತು. ಅಲ್ಲಿಂದ ಆ ಮುಖವನ್ನು ಬಿಡಲೇ ಇಲ್ಲ. ಬಂಡೆ ದಾಟಿತು, ದಾರಿ ತಿರುಗಿತು, ಮರಗಳ ಒಳಗೆ ಹೋಗುವವರೆಗೂ ಕತ್ತು ತಿರುಗಿಸಿ ಅದನ್ನೇ ನೋಡಿತು. ಅಷ್ಟು ಜನರಲ್ಲಿ ಅದು ಆರಿಸಿಕೊಂಡದ್ದು ವನಜಳನ್ನು.

"ಎಂತ ತೆಗಿತೆ ಹೆಣೆ, ಮೀನ್ ವಾಸನಿ ಬತ್ತಾ ಅದ್ರಗೆ?" ಎಂದು ವನಜ ನಡೆಯುತ್ತಲೇ ಕೇಳಿದ್ದಳು.

ನಡೆಯುತ್ತಲೇ. ಏಕೆಂದರೆ ಆ ದಡದ ಹೆಂಗಸರು ನೀರಿನಿಂದ ರಸ್ತೆಯವರೆಗೆ ನಿಲ್ಲುವುದಿಲ್ಲ. ತಲೆಯ ಮೇಲೆ ಮೀನಿದ್ದಾಗ ದಾರಿಯಲ್ಲಿ ನಿಂತರೆ ಕಡಲು ಮುನಿಯುತ್ತದೆ ಎನ್ನುವುದು ಅತ್ತೆಯಿಂದ ಸೊಸೆಗೆ ಬಂದ ಮಾತು. ನಿಂತರೆ ಬಂಗುಡೆ ಮೀನು ಮೆತ್ತಗಾಗುತ್ತದೆ, ರಸ್ತೆಯಲ್ಲಿ ಕಾಯುವ ವ್ಯಾಪಾರಿ ಇನ್ನೊಬ್ಬಳ ಬುಟ್ಟಿಗೆ ಬಗ್ಗುತ್ತಾನೆ ಎನ್ನುವುದು ದಿನಾ ಕಣ್ಣಾರೆ ಕಂಡ ಸತ್ಯ. ಯಾರು ಕರೆದರೂ ಸರಿ, ಮಾತು ಬೇಕಾದವರು ಪಕ್ಕದಲ್ಲಿ ನಡೆಯಬೇಕು. ಶಾಲೆಗೆ ಹೋಗುವಾಗ ಮೋಕ್ಷಿತಾ ತಾಯಿಯ ಜೊತೆ ಆಡಿದ ಮಾತೆಲ್ಲ ಓಡುತ್ತ ಆಡಿದ್ದೇ.

ರವಿರಾಜ್ ವಿಡಿಯೊ ನೋಡಿ ಮುಖ ಸಿಂಡರಿಸಿದ್ದ.

"ಸಂತೆ ಕಂಡಾಂಗ್ ಇತ್ತಲೆ ಇದ್. ಕಡ್ಲ್ ಶಾಂತ ಕಾಣ್ಕ್ ಅಂತ್ರ್ ಅವ್ರ್."

ಎರಡನೆಯ ದಿನ ಅವಳು ಮುಖ ಹಿಂಬಾಲಿಸುವ ಸೆಟ್ಟಿಂಗನ್ನು ತೆಗೆದುಹಾಕಿದಳು. ಕ್ಯಾಮೆರಾ ಮೇಲಕ್ಕೆತ್ತಿ ನೀರು, ಆಕಾಶ ಎರಡನ್ನೇ ತೆಗೆದಳು. ಅದೂ ಆಗಲಿಲ್ಲ.

"ದಾರಿ ಪೂರ್ತಿ ಬರ್ಕ್, ನೀರಿಂದ ಮರದ ತನಕ, ಆರರಿಂದ ಎಂಟ್ ಗಂಟಿ. ಜನ ಮಾತ್ರ ಬ್ಯಾಡ."

"ಎರಡ್ ಗಂಟಿ ಜನ ಇಲ್ದೆ ಹ್ಯಾಂಗ್ ರವಿಯಣ್ಣ? ಆಮೇಲೆ ಎಡಿಟ್ ಮಾಡಿ ಅಳ್ಸುವನಾ?"

"ಎಡಿಟ್ ಬ್ಯಾಡ್ವೇ ಬ್ಯಾಡ. ಒಂದ್ ಚೂರೂ ಮುಟ್ಟೂಕಾಗ. ಎಂತ ಮಾಡೂದಾರೂ ಕ್ಯಾಮ್ರಾದೊಳ್ಗೇ ಮಾಡ್. ನಿನ್ ಕೈಯಗ್ ಆತಿಲ್ದಿರೆ ಹೇಳ್, ಕುಂದಾಪುರದವ್ರನ್ ಕರಿತೆ."

ಆ ಕೊನೆಯ ಮಾತು ಚುಚ್ಚಿತ್ತು. ಎಡಿಟ್ ಇಲ್ಲದೆ, ಕ್ಯಾಮೆರಾದೊಳಗೇ. ಕಸುಬು ಗೊತ್ತಿದ್ದವರಿಗೆ ಮಾತ್ರ ಹಾಕುವ ಸವಾಲು ಎಂದುಕೊಂಡಳು. ರಾತ್ರಿ ಹಗಲು ಅದನ್ನೇ ಯೋಚಿಸಿ ದಾರಿ ಕಂಡುಹಿಡಿದಳು. ಲೆನ್ಸಿನ ಮೇಲೆ ಬೆಳಕು ನುಂಗುವ ಕಪ್ಪು ಗಾಜು ಕೂರಿಸಿ, ಶಟರನ್ನು ಎಂಟು ಸೆಕೆಂಡು ತೆರೆದಿಟ್ಟರೆ ಸರಿ. ಒಂದೊಂದು ಫ್ರೇಮಿಗೂ ಎಂಟು ಸೆಕೆಂಡು. ಅಷ್ಟು ಹೊತ್ತು ನಿಂತದ್ದು ಉಳಿಯುತ್ತದೆ. ಚಲಿಸಿದ್ದು ಕರಗುತ್ತದೆ. ಅಲೆ ಕರಗಿ ಕೆನೆಯಾಗುತ್ತದೆ.

ಮೂರನೆಯ ದಿನ ಹಾಗೆಯೇ ತೆಗೆದಳು. ಪರದೆಯಲ್ಲಿ ಆ ಬಿಳಿಯ ಕಡಲನ್ನು ಕಂಡು ಅವಳಿಗೆ ರೋಮಾಂಚನವಾಗಿತ್ತು. ಆ ಸೆಟ್ಟಿಂಗನ್ನು ಕ್ಯಾಮೆರಾದಲ್ಲಿ 'ಕಡಲು' ಎಂದು ಹೆಸರು ಕೊಟ್ಟು ಉಳಿಸಿಯೂ ಇಟ್ಟಳು. "ಇದ್ ಬೆಸ್ಟ್ ಸೆಟ್ಟಿಂಗ್," ಎಂದು ರವಿರಾಜ್ ಬೆನ್ನು ತಟ್ಟಿದ್ದ. ಅಲೆಯ ಜೊತೆ ಮತ್ತೇನು ಕರಗಿತು ಎಂದು ಅವಳು ಕೇಳಿಕೊಳ್ಳಲಿಲ್ಲ. ಹೆಂಗಸರು ಚಿತ್ರದಲ್ಲಿ ಇಲ್ಲದ್ದು ಅವಳ ಕಣ್ಣಿಗೂ ತಪ್ಪೆನಿಸಲಿಲ್ಲ. ಸುಂದರವಾದ ಕಡಲೆಂದರೆ ನಮ್ಮವರಿಲ್ಲದ ಕಡಲು ಎಂದು ಇಷ್ಟು ವರ್ಷ ಕಂಡ ಎಲ್ಲ ಜಾಹೀರಾತುಗಳೂ ಅವಳಿಗೆ ಕಲಿಸಿದ್ದವು.

ಈಗ ಗೋಡೆಯ ಮೇಲೆ ಅದೇ ಮಸುಕು ತೇಲುತ್ತಿತ್ತು. ಪ್ರತಿನಿಧಿ ಅದನ್ನು ಮಂಜು ಎಂದ. ಅದು ಮಂಜಲ್ಲ. ನಲವತ್ತೊಂದು ಹೆಂಗಸರು ಎರಡು ಗಂಟೆ ಹೊತ್ತ ಹೊರೆ ಅಷ್ಟೇ ಉಳಿದಿತ್ತು.

"ಈ ವಿಡಿಯೊ ತೆಗೆದವರು ಸಭೆಯಲ್ಲಿದ್ದಾರಾ?" ಅಧಿಕಾರಿ ಕೇಳಿದರು. "ತಿದ್ದಿಲ್ಲ ಅನ್ನೋ ದೃಢೀಕರಣ ಬೇಕು. ಅವರ ಸಹಿ ಬಿದ್ದರೆ ಬರೆದದ್ದು ಖಾಯಂ. ದಾರಿ ಮುಚ್ಚಿ ಬೇಲಿ ಹಾಕೋದಕ್ಕೆ ಅಡ್ಡಿ ಇರೋದಿಲ್ಲ."

ಬೇಲಿ ಬಿದ್ದರೆ ಸುತ್ತು ದಾರಿ ಮೂರು ಕಿಲೋಮೀಟರ್. ಆ ಬಿಸಿಲಿನಲ್ಲಿ ರಸ್ತೆ ಮುಟ್ಟುವಾಗ ಮೀನು ಮಾರುವ ಹಾಗಿರುವುದಿಲ್ಲ. ಅದನ್ನು ಹೊತ್ತವಳು ಎರಡನೆಯ ಬುಟ್ಟಿಗೆ ಮರಳುವುದೂ ಇಲ್ಲ.

ರವಿರಾಜ್ ಎದ್ದು ಬಂದು ಮೋಕ್ಷಿತಾಳನ್ನು ಜಗಲಿಗೆ ಕರೆದ. ಅವನ ಕೈಯಲ್ಲಿ ಮೊದಲೇ ಬೆರಳಚ್ಚು ಮಾಡಿಸಿದ ಹಾಳೆ ಇತ್ತು. ಅವಳ ಹೆಸರೂ ಅದರಲ್ಲಿತ್ತು.

"ಈ ವಿಡಿಯೊವನ್ನು ನಾನೇ ಚಿತ್ರೀಕರಿಸಿದ್ದು, ಇದರಲ್ಲಿ ಏನನ್ನೂ ಅಳಿಸಿರುವುದಿಲ್ಲ, ಏನನ್ನೂ ಸೇರಿಸಿರುವುದಿಲ್ಲ, ಕ್ಯಾಮೆರಾ ಕಂಡದ್ದು ಕಂಡಂತೆಯೇ ಇದೆ ಎಂದು ದೃಢೀಕರಿಸುತ್ತೇನೆ."

ಅವಳು ಮೂರು ಸಲ ಓದಿದಳು. ಸುಳ್ಳು ಎಲ್ಲಿದೆ ಎಂದು ಶಬ್ದ ಶಬ್ದವನ್ನೂ ಮಗುಚಿ ನೋಡಿದಳು. ಇರಲಿಲ್ಲ.

"ಸುಳ್ಳ್ ಎಲ್ಲಿತ್ತ್ ತೋರ್ಸ್, ಈಗ್ಲೇ ಹೊಡ್ದ್ ಹಾಕ್ತೆ," ಎಂದ ರವಿರಾಜ್.

"ರವಿಯಣ್ಣ, ಎಡಿಟ್ ಬ್ಯಾಡ ಅಂದದ್ದ್ ಇದ್ಕೇಯಾ?"

ಅವನು ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸನ್ನು ನೋಡಿದ.

"ನಿಮ್ಗ್ ಆಗ್ಳೇ ಗೊತ್ತಿತ್ತ್."

"ಕಾಣ್, ನಾವ್ ಮದಿ-ಮುಂಜಿ ತೆಗುವವ್ರ್. ಮದಿ ಹೆಣ್ಣಿನ ಮುಖದ ಮೊಡವಿ ಕಾಣದಾಂಗೆ ಸೆಟ್ಟಿಂಗ್ ಹಾಕ್ತಿಲ್ಯಾ ನೀನ್? ಆವಾಗ ಯಾರಾರೂ ಸುಳ್ಳ್ ಅಂದ್ರಾ?"

"ಇದ್ ಮೊಡವಿ ಅಲ್ಲ. ನನ್ನ್ ಅಮ್ಮ."

"ಅಮ್ಮಂಗೆ ಎಂತ ಆಯ್ತ್ ಈಗ? ಒಳ್ಗ್ ಕೂಕಂಡಿತ್ತಲೆ, ಗಟ್ಟಿಯಾಗೇ ಇತ್ತ್. ಸೈನ್ ಹಾಕ್ ಮಾರಾಯ್ತಿ. ಇಲ್ದಿರೆ ಕ್ಯಾಮ್ರಾ ಇಲ್ಲೇ ಕೊಟ್ಟ್ ಹೋಗ್, ಬ್ರಹ್ಮಾವರಕ್ಕೆ ನಾನೇ ಹೋತೆ. ನಾಳಿಂದ ಬಪ್ಪೂದೂ ಬ್ಯಾಡ."

ಪೆನ್ನನ್ನೂ ಅವನೇ ಕೊಟ್ಟ. ಅವಳು ಹಾಳೆ, ಪೆನ್ನು ಎರಡನ್ನೂ ಹಿಡಿದು ಒಳಗೆ ನಡೆದಳು. ಅವನು ನಿಟ್ಟುಸಿರು ಬಿಟ್ಟು ಹಿಂದೆ ಬಂದ.

ಮಗಳು ಅಧಿಕಾರಿಯ ಮೇಜಿನ ಕಡೆಗೆ ಹೋಗುವುದನ್ನು ವನಜ ನೋಡಿದಳು. ಮಗಳು ಅಂದು ದಡದಲ್ಲಿ ತೆಗೆದದ್ದೇ ಇದು ಎಂದು ಅವಳಿಗೆ ಆ ಕ್ಷಣದವರೆಗೂ ಹೊಳೆದಿರಲಿಲ್ಲ.

"ನೀನಾ?" ಎಂದಳು ವನಜ. "ಇದ್ ತೆಗ್ದದ್ದ್ ನೀನಾ?"

ಮೋಕ್ಷಿತಾ ತಾಯಿಯ ಕಡೆಗೆ ತಿರುಗಲಾರದೆ ಹೋದಳು. "ಹೌದಮ್ಮ," ಎಂದು ನೆಲಕ್ಕೆ ಹೇಳಿದಳು. ಬಾಗಿ ಅಜ್ಜಿ ಬಾಯಿಗೆ ಸೆರಗು ಹಿಡಿದಳು.

"ಏನನ್ನಾದರೂ ಅಳಿಸಿದ್ದೀರಾ?" ಅಧಿಕಾರಿ ಕೇಳಿದರು.

"ಇಲ್ಲ ಸರ್."

ಪ್ರತಿನಿಧಿಯ ತುಟಿ ಸಡಿಲವಾಯಿತು.

"ಹಾಗಾದರೆ ಸಹಿ ಹಾಕಿ."

"ಸಹಿಗೆ ಮೊದಲು ಎಂಟು ಸೆಕೆಂಡು ಕೊಡಿ ಸರ್."

ಅವಳು ಚೀಲದಿಂದ ಕ್ಯಾಮೆರಾ ತೆಗೆದಳು. "ಹೋಯ್, ಅದ್ ಸ್ಟುಡಿಯೊದ್ದ್!" ಎಂದು ರವಿರಾಜ್ ಕೂಗುವಷ್ಟರಲ್ಲಿ ಅದು ಪುಟ್ಟ ಕಾಲುಗಳ ಮೇಲೆ ಮೇಜಿನಲ್ಲಿ ನಿಂತು ಸಭೆಯತ್ತ ತಲೆ ಎತ್ತಿಯಾಗಿತ್ತು. ಒಳಗೆ ಬೆಳಕು ಕಡಿಮೆ, ಕಪ್ಪು ಗಾಜು ಬೇಕಿರಲಿಲ್ಲ. ಬೆರಳು ಸರಿಸಿ 'ಕಡಲು' ಎಂಬ ಹೆಸರನ್ನು ಒತ್ತಿದಳು.

"ಅಮ್ಮ, ಆ ಬಾಗ್ಲಿಂದ ಈ ಬಾಗ್ಲಿಗ್ ನಡಿ. ಮೀನ್ ಹೊತ್ತಾಂಗೆ."

ವನಜ ಮಗಳನ್ನು ದಿಟ್ಟಿಸಿದಳು. ಆ ನೋಟದಲ್ಲಿ ಕ್ಷಮೆ ಇರಲಿಲ್ಲ. ಆದರೂ ಎದ್ದಳು. ಸೆರಗು ಸುತ್ತಿ ಸಿಂಬೆ ಮಾಡಿ ತಲೆಯ ಮೇಲೆ ಇಟ್ಟುಕೊಂಡಳು. ಹೊರಲು ಏನೂ ಇರಲಿಲ್ಲ. ಬಾಗಿ ಅಜ್ಜಿ ತನ್ನ ಕೈಚೀಲವನ್ನೇ ಎತ್ತಿ ಅದರ ಮೇಲೆ ಇಟ್ಟು, "ಬಂಗ್ಡಿ ಮೀನ್ ಅಂದ್ ಗ್ರಹಿಸ್ಕೋ," ಎಂದಳು. ಯಾರೋ ನಕ್ಕರು, ತಕ್ಷಣ ನಿಲ್ಲಿಸಿದರು.

ವನಜ ನಡೆದಳು. ದಡದಲ್ಲಿ ನಡೆಯುವ ಹಾಗೆಯೇ, ಕುತ್ತಿಗೆ ನೆಟ್ಟಗೆ, ಹೆಜ್ಜೆ ಬೀಸಾಗಿ. ಎಂಟು ಸೆಕೆಂಡು ಎಷ್ಟು ಉದ್ದ ಎಂದು ಅಲ್ಲಿದ್ದ ಯಾರಿಗೂ ಮೊದಲು ಗೊತ್ತಿರಲಿಲ್ಲ.

ಮೋಕ್ಷಿತಾ ಕ್ಯಾಮೆರಾವನ್ನು ಅಧಿಕಾರಿಯ ಕಣ್ಣ ಹತ್ತಿರ ಹಿಡಿದಳು. ಅವರು ಕನ್ನಡಕ ಏರಿಸಿ ಎರಡಂಗುಲದ ಪರದೆಗೆ ಬಗ್ಗಿದರು. ಕಂಪನಿಯ ಪ್ರತಿನಿಧಿ ಕಂಡ, ಅಂಗಿಯ ಗುಂಡಿ ಸಮೇತ. ನೀರಿನ ಬಾಟಲಿ ಕಂಡಿತು. ಬೆಂಚಿನಲ್ಲಿ ಅಲುಗದೆ ಕೂತ ನಲವತ್ತು ಹೆಂಗಸರೂ ಕಂಡರು. ಬಾಗಿಲಿನಿಂದ ಬಾಗಿಲಿಗೆ ಖಾಲಿ ನೆಲ. ಅದರ ಮೇಲೆ ಕನ್ನಡಿಗೆ ಬಿಟ್ಟ ಉಸಿರಿನಷ್ಟು ಮಸುಕು.

ಅಧಿಕಾರಿ ತಲೆ ಎತ್ತಿ ವನಜಳನ್ನು ನೋಡಿದರು. ಮತ್ತೆ ಪರದೆ ನೋಡಿದರು. ಮತ್ತೆ ವನಜಳನ್ನು.

"ಇವರು... ಈಗ ನನ್ನ ಎದುರಿಗೇ ನಡೆದರಲ್ಲ."

"ಅಳಿಸಲಿಲ್ಲ ಸರ್," ಎಂದಳು ಮೋಕ್ಷಿತಾ. "ಸೇರಿಸಲೂ ಇಲ್ಲ. ನಿಂತವರು ಮಾತ್ರ ಕಾಣುವ ಹಾಗೆ ಸೆಟ್ಟಿಂಗ್ ಇಟ್ಟೆ. ದುಡಿಯುವವರು ನಿಲ್ಲುವುದಿಲ್ಲ."

"ಸರ್, ಇದು ನಾಟಕ," ಪ್ರತಿನಿಧಿ ಎದ್ದು ನಿಂತ. "ಕಡತದಲ್ಲಿರೋದು ವಿಡಿಯೊ. ಈ ಆಟ ಕಡತದಲ್ಲಿಲ್ಲ."

ಅಧಿಕಾರಿ ಕನ್ನಡಕ ಒರೆಸಿದರು. ಕಡತವನ್ನೇ ನೋಡುತ್ತ ಮಾತಾಡಿದರು.

"ನೋಡಮ್ಮ, ನಿಯಮ ಅಂದರೆ ನಿಯಮ. ಹಾಳೆಯಲ್ಲಿ ಬರೆದದ್ದು ಸತ್ಯವೇ ಅಂತ ನೀವೇ ಹೇಳಿದಿರಿ. ಸಹಿ ಹಾಕಿ. ಈಗ ತೋರಿಸಿದ್ದನ್ನ ಬೇರೆ ಅರ್ಜಿಯಲ್ಲಿ ಕೊಡಿ, ನೋಡೋಣ."

ಮೋಕ್ಷಿತಾ ಪೆನ್ನಿಗೆ ಮುಚ್ಚಳ ಹಾಕಿದಳು. ಅದನ್ನು ಹಾಳೆಯ ಮೇಲೆ ಇಟ್ಟಳು. ಕ್ಯಾಮೆರಾವನ್ನು ರವಿರಾಜನ ಲ್ಯಾಪ್‌ಟಾಪಿನ ಮೇಲೆ ಇಟ್ಟಳು.

"ಹಾಕೂದಿಲ್ಲ."

"ಯೋಚನೆ ಮಾಡಿ ಹೇಳಿ."

"ತೆಗುವತ್ತಿಗೆ ಯೋಚನೆ ಮಾಡ್ಲಿಲ್ಲ ಸರ್. ಈಗ ಮಾಡಿಯೇ ಹೇಳ್ತಾ ಇದ್ದೇನೆ."

ಅಧಿಕಾರಿ ಕುರ್ಚಿಗೆ ಒರಗಿದರು. ಆಗಲೇ ಅವರಿಗೆ ಹೆಜ್ಜೆಯ ಸದ್ದು ಕೇಳಿಸಿದ್ದು. ವನಜ ಇನ್ನೂ ಕೂತಿರಲಿಲ್ಲ. ತಲೆಯ ಮೇಲೆ ಅಜ್ಜಿಯ ಚೀಲ ಹೊತ್ತು ಆ ಬಾಗಿಲಿನಿಂದ ಈ ಬಾಗಿಲಿಗೆ, ಈ ಬಾಗಿಲಿನಿಂದ ಆ ಬಾಗಿಲಿಗೆ ನಡೆಯುತ್ತಲೇ ಇದ್ದಳು.

"ಅಮ್ಮ, ಆಯಿತು. ಸಾಕು, ನಿಲ್ಲಿ," ಎಂದರು ಅಧಿಕಾರಿ.

ವನಜ ತಿರುಗಿದಳು, ಮತ್ತೆ ನಡೆದಳು. ಮೋಕ್ಷಿತಾ ಹೋಗಿ ತಾಯಿಯ ಪಕ್ಕ ಸೇರಿಕೊಂಡು ಹೆಜ್ಜೆ ಹಾಕಿದಳು, ಚಿಕ್ಕವಳಿದ್ದಾಗ ಓಡುತ್ತಿದ್ದ ಹಾಗೆ.

"ನಿಲ್ಲಿ ಅಂತ ಹೇಳಿದೆ. ಸಭೆ ಇದು."

"ನಿಂತವ್ರೇ ಕಾಂಬುದಾರೆ ನಂಗ್ ಕಾಂಬೂದ್ ಬ್ಯಾಡ," ಎಂದಳು ವನಜ, ನಡೆಯುತ್ತಲೇ. "ನಡೆವತ್ತಿಗೇ ಕಂಡ್ ಕಡ್ತಕ್ಕೆ ಬರ್ಕಣಿ. ನಾನ್ ನಿಲ್ತಿಲ್ಲೆ."